ತಲೆಯೆತ್ತದ ಅರ್ಧ ಗಂಟೆ

ಜೂನ್ ತಿಂಗಳ ಹುಲ್ಲುಕೊಯ್ಲು. ಎಮ್ಮೆಂಟಾಲ್ ಕಣಿವೆಯ ಇಳಿಜಾರಿನಲ್ಲಿ ಬೆಳಗಿನಿಂದ ಹುಲ್ಲು ತಿರುವಿಹಾಕುತ್ತಿದ್ದ ರೆಗುಲಾ ನಾಪ್ಫ್ ಬೆಟ್ಟದತ್ತ ನೋಡಿದಳು. ಮೋಡ ಕಟ್ಟುತ್ತಿತ್ತು. ಸಂಜೆಯೊಳಗೆ ಹುಲ್ಲು ಅಟ್ಟ ಸೇರಬೇಕು. ನಾಳೆ ಹತ್ತಕ್ಕೆ ಬರ್ನ್‌ನಲ್ಲಿ ಭೌತಶಾಸ್ತ್ರದ ಮೌಖಿಕ ಪರೀಕ್ಷೆ. ಎರಡನೇ ಸಲ, ಕೊನೆಯ ಸಲ. ಇದೂ ಹೋದರೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದಂತೆ...

ಕವೆಗೋಲು ಹೊತ್ತು ಏರಿ ಬರುತ್ತಿದ್ದವನನ್ನು ಕಂಡು ಅವಳು ಕೆಲಸ ನಿಲ್ಲಿಸಿದಳು.

ಬೆಂಟ್ಸ್!

ನೆರೆಮನೆಯವನು; ಅವಳ ವಿಭಾಗದಲ್ಲೇ ಸಹಾಯಕ. ಕಳೆದ ಪರೀಕ್ಷೆಯಲ್ಲಿ ಪ್ರಶ್ನೋತ್ತರ ಬರೆದುಕೊಳ್ಳಲು ಕೂತಿದ್ದವನು ಅವನೇ. ಅವಳು ತಡವರಿಸಿದ ಆ ಅರ್ಧ ಗಂಟೆ ಅವನು ಒಮ್ಮೆಯೂ ತಲೆಯೆತ್ತಿರಲಿಲ್ಲ.

‘ನನ್ನ ಮುಖ ನೋಡೋಕೂ ನಾಚಿಕೆ ಅವನಿಗೆ!’ ಅಂದಿನಿಂದ ಮಾತಿಲ್ಲ.

"ನಿನ್ನನ್ನ ಯಾರು ಕರೆದ್ರು?"

"ಹೋದ ವರ್ಷ ನಿಮ್ಮಪ್ಪ ನಮ್ಮ ಹುಲ್ಲಿಗೆ ಬಂದಿದ್ರಲ್ಲ. ಆ ದಿನದ ಋಣ ತೀರಿಸೋಕೆ ಬಂದೆ."

"ಸೀಮೆಸುಣ್ಣ ಬಿಟ್ಟು ಬೇರೇನೂ ಹಿಡಿದ ಕೈಯಲ್ಲ ಇದು," ಅಪ್ಪ ಗೋಟ್‌ಫ್ರೀಡ್ ಛೇಡಿಸಿದ. "ಬಾ, ಬಾ."

ಮಧ್ಯಾಹ್ನ ಮೂವರೂ ಬಂಡಿಯ ನೆರಳಲ್ಲಿ ತಣ್ಣನೆಯ ಪುದೀನಾ ಚಹಾ ಕುಡಿಯಲು ಕೂತರು. ರೆಗುಲಾ ಕಡ್ಡಿಯಿಂದ ಮಣ್ಣಿನಲ್ಲಿ ಒಂದು ಸೂತ್ರ ಬರೆದು ಅಳಿಸುತ್ತಿದ್ದಳು.

"ಇನ್ನೂ ಅದೇ ಪ್ರಶ್ನೆಯ ಭಯಾನಾ?" ಬೆಂಟ್ಸ್ ಮೆಲ್ಲಗೆ ಕೇಳಿದ.

ಸಿಟ್ಟಿದ್ದರೂ ಅವಳ ಬಾಯಿಂದ ಮಾತು ಹೊರಬಿತ್ತು. "ಎರಡು ಬಾಹ್ಯಾಕಾಶ ನೌಕೆ ಎದುರುಬದುರು. ನೆಲದಲ್ಲಿ ನಿಂತವನ ಕಣ್ಣಿಗೆ ಒಂದೊಂದೂ ಬೆಳಕಿನ ಮುಕ್ಕಾಲು ವೇಗ. ಒಂದರಲ್ಲಿ ಕೂತವಳಿಗೆ ಇನ್ನೊಂದು ಎಷ್ಟು ವೇಗದಲ್ಲಿ ಬರುತ್ತೆ? ಕೂಡಿಸಿ ಒಂದೂವರೆ ಅಂದೆ. ಸೂತ್ರ ಹಾಕಿದ್ರೆ ಬೆಳಕಿನ ವೇಗದ ನೂರಕ್ಕೆ ತೊಂಬತ್ತಾರು ಪಾಲು ಅಷ್ಟೇ. ಯಾಕೆ ಅಂತ ಕೇಳಿದ್ರೆ... ಬಾಯಿ ಕಟ್ಟುತ್ತೆ!"

ಬೆಂಟ್ಸ್ ಅವಳ ಅಪ್ಪನ ಕಡೆ ತಿರುಗಿದ. "ಯಜಮಾನ್ರೇ, ಹಳೇ ಪತ್ರದ ಅಳತೆಯಲ್ಲಿ ನಿಮ್ಮ ಭೂಮಿ ಎಷ್ಟು ಯೂಖಾರ್ಟ್?"

"ಹೊಲ ಒಂಬತ್ತು. ಕಾಡು ನಾಲ್ಕು."

"ಹದಿಮೂರು ಅನ್ನಿ."

"ಮಂಕೇ! ಕಾಡಿನ ಯೂಖಾರ್ಟ್ ಹೊಲದ್ದಕ್ಕಿಂತ ದೊಡ್ಡದು ಕಣೋ. ಒಂದೇ ಅಳತೆಗೆ ತಾರದೆ ಕೂಡಿಸ್ತಾರಾ ಯಾರಾದ್ರೂ?"

ರೆಗುಲಾಳ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವಳು ಒಂದೊಂದಾಗಿ ಹೇಳತೊಡಗಿದಳು.

"ನೆಲದವನು ತನ್ನ ಕೋಲು, ತನ್ನ ಗಡಿಯಾರದಲ್ಲಿ ಅಳೆದದ್ದು ಆ ಮುಕ್ಕಾಲು... ಅವನ ಲೆಕ್ಕದಲ್ಲಿ ನಡುವಿನ ಅಂತರ ಬೆಳಕಿನ ಒಂದೂವರೆ ವೇಗದಲ್ಲೇ ಕರಗುತ್ತೆ. ಆದ್ರೆ ನೌಕೆಯವಳ ಕೋಲು ಬೇರೆ, ಗಡಿಯಾರ ಬೇರೆ! ಬೆಳಕಿನ ವೇಗ ಮಾತ್ರ ಇಬ್ಬರಿಗೂ ಒಂದೇ. ಅದಕ್ಕೇ ಅಳತೆಗಳೇ ಬಾಗಬೇಕು... ಅವಳ ಅಳತೆಗೆ ತಂದ್ರೆ ಮೊತ್ತ ಬೆಳಕನ್ನ ದಾಟೋದೇ ಇಲ್ಲ!"

"ಎದುರುಬದುರು ಬರೋ ಬಂಡಿಗಳಲ್ಲಿ?" ಬೆಂಟ್ಸ್ ಕೇಳಿದ.

"ಅಲ್ಲೂ ಅಷ್ಟೇ. ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು." ಮರುಕ್ಷಣ ಅವಳ ಮುಖ ಬಾಡಿತು. "ನಾಳೆ ನೀನು ಎದುರಿಗೆ ಕೂತ್ರೆ ಎಲ್ಲ ಮರೆತುಹೋಗುತ್ತೆ."

"ನಾನು ಕೂರಲ್ಲ. ಬೇರೆಯವರನ್ನ ಹಾಕಿ ಅಂತ ಕೇಳ್ಕೊಂಡಿದೀನಿ."

"ಅಷ್ಟೊಂದು ಅಸಹ್ಯಾನಾ ನಾನು?"

"ರೆಗುಲಾ! ಅವತ್ತು ತಲೆಯೆತ್ತಿದ್ರೆ ಉತ್ತರ ಬಾಯಿಗೆ ಬಂದುಬಿಡ್ತಿತ್ತು. ಪ್ರೀತಿಸೋವಳ ಪರೀಕ್ಷೇಲಿ ನಾನು ಕೂರಬಾರದು. ಇದನ್ನೇ ವಿಭಾಗದಲ್ಲೂ ಹೇಳಿ ಬಂದೆ."

ಗೋಟ್‌ಫ್ರೀಡ್ ಕೆಮ್ಮಿ ಎದ್ದ. "ಮಳೆ ಬರುತ್ತೆ. ಏಳಿ!"

ಮೊದಲ ಹನಿ ಬೀಳುವಾಗ ಕೊನೆಯ ಬಂಡಿ ಒಳಗಿತ್ತು.

ಮರುದಿನ ಹನ್ನೊಂದಕ್ಕೆ ಅವಳು ಪರೀಕ್ಷೆ ಮುಗಿಸಿ ಹೊರಬಂದಾಗ ಬೆಂಟ್ಸ್ ಮೆಟ್ಟಿಲ ಮೇಲೆ ಕೂತಿದ್ದ. ಕೈಯಲ್ಲಿ ಹಿಂಡಿ ಮುದ್ದೆಯಾದ ಟೋಪಿ.

"ಏನಾಯ್ತು?"

"ಅಪ್ಪನ ಕಾಡು, ಹೊಲ ಎರಡನ್ನೂ ಹೇಳಿದೆ. ಪರೀಕ್ಷಕರು ನಕ್ಕುಬಿಟ್ರು..." ಅವಳು ಕೈಚೀಲ ಮೆಟ್ಟಿಲ ಮೇಲಿಟ್ಟಳು. "ಪಾಸಾದೆ ಬೆಂಟ್ಸ್!"

ಅವನು ಟೋಪಿ ಬಿಡಿಸಿ ತಲೆಗಿಟ್ಟ. "ಹಾಗಾದ್ರೆ ನನ್ನ ಋಣ ತೀರ್ತಾ?"

"ಹುಲ್ಲಿಂದು ತೀರ್ತು. ನೀನು ತಲೆಯೆತ್ತದ ಅರ್ಧ ಗಂಟೆ ಬಾಕಿ ಇದೆ."

"ಹೇಗೆ ತೀರಿಸಲಿ?"

ಅವಳು ಪಕ್ಕದಲ್ಲಿ ಕೂತಳು. "ಈಗ ನೋಡು."

ಅವನು ನೋಡಿದ.