ಒಲೆ ಪಕ್ಕದ ಮೇಜು

ಪೀಪಾಯಿಗೆ ನಲ್ಲಿ ಬಡಿಯುವ ಮರದ ಸುತ್ತಿಗೆ ನನ್ನ ಎಡಗೈಯಿಂದ ಒಂದು ಗೇಣು ಮೇಲಿತ್ತು.

ಹಿಡಿದಿದ್ದವನು ಹೈನೆಕ್, ಪಬ್ಬಿನ ಮಾಲೀಕ. ನನ್ನ ಮಣಿಕಟ್ಟನ್ನು ಮೇಜಿಗೆ ಒತ್ತಿದ್ದವರು ಅವನ ಇಬ್ಬರು ಕಾಯಂ ಗಿರಾಕಿಗಳು. ಮಧ್ಯಾಹ್ನ ಮೂರೂವರೆ. ಬಾಗಿಲಿಗೆ ಒಳಗಿನಿಂದ ಚಿಲಕ.

"ಯಾರು ಕಳಿಸಿದ್ದು ನಿನ್ನ?"

"ಬಾಯಾರಿಕೆ," ಅಂದೆ.

ಸುತ್ತಿಗೆ ಇಳಿಯಿತು. ಕಿರುಬೆರಳು ಲಟಕ್ಕೆಂದಿತು.

ಕಣ್ಣಿಗೆ ಕತ್ತಲೆ... ಆದರೂ ನಾನು ನೋಡುತ್ತಿದ್ದದ್ದು ಹೈನೆಕ್‌ನನ್ನಲ್ಲ. ಮೇಜಿನ ಆ ತುದಿಯಲ್ಲಿ ಬೆವರುತ್ತಿದ್ದ ಬೋಹುಶ್‌ನನ್ನು.

ಇದು ನದಿಯ ಸೇತುವೆ ಬಳಿ, ನಾಲ್ಕು ಭಾಷೆಯ ಮೆನು ಹಿಡಿದು ಪ್ರವಾಸಿಗರಿಗೆ ಹಲ್ಲು ಕಿರಿಯುವ ಪಬ್ಬಲ್ಲ. ಪ್ರಾಗ್‌ನ ಲಿಬೆನ್ ಬಡಾವಣೆ, ಟ್ರಾಮ್ ಶೆಡ್ಡಿನ ಹಿಂದಿನ ಗಲ್ಲಿ. ಹೊಸ ಮುಖ ಒಳಗೆ ಬಂದರೆ ಇಲ್ಲಿ ಮಾತು ನಿಲ್ಲುತ್ತದೆ. ಒಲೆ ಪಕ್ಕದ ಮೇಜಿಗೆ ಸೇರಲು ನನಗೆ ಮೂರು ವಾರ ಹಿಡಿಯಿತು. ಮೊದಲ ವಾರ ಯಾರೂ ಮುಖ ನೋಡಲಿಲ್ಲ. ಎರಡನೇ ವಾರ ಒಬ್ಬ ತಲೆಯಾಡಿಸಿದ. ಮೂರನೇ ವಾರ ಬೋಹುಶನೇ ಸರಿದು ಜಾಗ ಕೊಟ್ಟ.

"ಕೂತ್ಕೊ ಮಾರಾಯ. ನಿಂತು ಕುಡಿದ್ರೆ ಎಲ್ಲಾ ಮೊಣಕಾಲಿಗೆ ಇಳಿಯುತ್ತೆ."

ಹುಳಿನೀರಿನಲ್ಲಿ ನೆನೆಸಿದ ಸಾಸೇಜಿನ ತಟ್ಟೆ ನನ್ನ ಕಡೆ ತಳ್ಳಿದ. 'ಮುಳುಗಿ ಸತ್ತವ' ಅಂತ ನಮ್ಮಲ್ಲಿ ಅದರ ಹೆಸರು.

ಒಳ್ಳೆಯ ಮನುಷ್ಯ ಅನ್ನಿಸಿತ್ತು.

ಸುತ್ತಿಗೆ ಇಳಿಯುವ ಸ್ವಲ್ಪ ಮುಂಚೆ ಆ ಮೇಜಿನ ಮೇಲೆ ಒಂದು ಫೋಟೊ ಇಟ್ಟಿದ್ದೆ. ಯಿತ್ಕಾ. ಹತ್ತೊಂಬತ್ತು ವರ್ಷ. ಒಂಬತ್ತು ವರ್ಷದ ಹಿಂದೆ, ಮಂಜಿನ ಬೆಳಗ್ಗೆ, ಸೈಕಲ್ ಮೇಲಿದ್ದ ಅವಳಿಗೆ ಒಂದು ಕಾರು ಗುದ್ದಿ ಹೋಗಿತ್ತು. ಯಾರದೆಂದು ಗೊತ್ತಾಗಲೇ ಇಲ್ಲ. ಈಚೆಗೆ ಒಬ್ಬ ಮೆಕ್ಯಾನಿಕ್ ಸಾಯುವ ಮುಂಚೆ ಅವಳ ತಾಯಿ ಲುದ್ಮಿಲಾಗೆ ಹೇಳಿಕಳಿಸಿದ್ದ: ಆ ಬಂಪರ್ ಬದಲಾಯಿಸಿದ್ದು ನಾನೇ, ಕಾರು ತಂದವನು ಹೈನೆಕ್‌ನ ಪಬ್ಬಿನಲ್ಲಿ ಒಲೆ ಪಕ್ಕ ಕೂರುವವನು. ಹೆಸರು ಹೇಳುವಷ್ಟು ಧೈರ್ಯ ಅವನಿಗೆ ಸಾಯುವಾಗಲೂ ಬರಲಿಲ್ಲ. ಲುದ್ಮಿಲಾ ನನ್ನಲ್ಲಿಗೆ ಬಂದಳು. ಇಂಥದ್ದನ್ನು ಹುಡುಕಿಕೊಡುವುದು ನನ್ನ ಕಸುಬು.

ಬೋಹುಶ್ ಯಿತ್ಕಾಳ ಅಪ್ಪ. ಮಗಳು ಹೋದ ವರ್ಷವೇ ಹೆಂಡತಿಯಿಂದ ಬೇರೆಯಾದವನು. ಫೋಟೊ ಕಂಡರೆ ನನ್ನ ಕಡೆ ನಿಲ್ಲುತ್ತಾನೆ, ಕೊಂದವನ ಕತ್ತು ಹಿಸುಕುತ್ತಾನೆ... ಹಾಗಂದುಕೊಂಡಿದ್ದೆ.

ನನ್ನ ಬೆರಳು ಮುರಿದ ಸದ್ದಿಗೆ ಅವನು ಎದ್ದು ಹಿತ್ತಿಲ ಬಾಗಿಲಿಂದ ಓಡಿದ.

ಎಲ್ಲರ ತಲೆ ಆ ಕಡೆ ತಿರುಗಿತು, ಮಣಿಕಟ್ಟಿನ ಹಿಡಿತ ಸಡಿಲಾಯಿತು. ನನ್ನ ಬಲಗೈ ಬಿಡುವಾಗಿತ್ತು. ಮೇಜಿನ ಮೇಲಿದ್ದ ಬಿಸಿ ಬೆಳ್ಳುಳ್ಳಿ ಸೂಪಿನ ಬಟ್ಟಲು ಹೈನೆಕ್‌ನ ಮುಖಕ್ಕೆ ಹೋಯಿತು. ಅವನು ಕಿರುಚಿದ. ನಾನು ಓಡಿದೆ.

ಖಾಲಿ ಪೀಪಾಯಿಗಳ ಸಂದಿ. ಕುಸಿದ ಗೋಡೆ. ಆಚೆಗೆ ಟ್ರಾಮ್ ಹಳಿ.

ಅರವತ್ತರ ಮುದುಕ ಎಷ್ಟು ದೂರ ಓಡುತ್ತಾನೆ? ಹಳಿಯ ಹತ್ತಿರ ಎಡವಿದ. ಬೆನ್ನ ಮೇಲೆ ಮೊಣಕಾಲು ಊರಿದೆ.

"ಕಾರು ಓಡಿಸ್ತಿದ್ದವನು ಯಾರು?"

"ಹೈನೆಕ್."

"ನಿಂಗೆ ಹೆಂಗೆ ಗೊತ್ತು?"

"ಪಕ್ಕದ ಸೀಟಲ್ಲಿ ನಾನಿದ್ದೆ."

ದೂರದಲ್ಲಿ ಟ್ರಾಮ್ ಗಂಟೆ ಕೇಳಿಸಿತು.

"ಇಬ್ರೂ ಕುಡಿದಿದ್ವಿ... ಏನೋ ಬಡೀತು. ಇಳಿದು ನೋಡ್ದೆ."

"ಗುರುತು ಸಿಕ್ತಾ?"

"ನಾನೇ ಕೊಡಿಸಿದ್ದ ಜಾಕೆಟ್ಟು."

"ಜೀವ ಇತ್ತಾ?"

ಅವನ ಕೆನ್ನೆಯನ್ನು ಹಳಿಗೆ ಒತ್ತಿದೆ. ಕಬ್ಬಿಣ ನಡುಗುತ್ತಿತ್ತು.

"'ಅಪ್ಪಾ' ಅಂದ್ಲು."

"ಆಮೇಲೆ?"

"ಹೈನೆಕ್ ಹಾರ್ನ್ ಹೊಡೆದ. ಹತ್ತಿದೆ."

ಒಂದು ಕ್ಷಣ ಅವನನ್ನು ಅಲ್ಲೇ ಬಿಟ್ಟುಬಿಡಬೇಕು ಅನ್ನಿಸಿತು. ಕಾಲರ್ ಹಿಡಿದು ಎಳೆದೆ. ಟ್ರಾಮ್ ಹೋಯಿತು. ಕಿಟಕಿಯ ಪಕ್ಕದ ಹೆಂಗಸೊಬ್ಬಳು ನಮ್ಮಿಬ್ಬರನ್ನೂ ಕುಡುಕರೆಂಬಂತೆ ನೋಡಿದಳು.

ಲುದ್ಮಿಲಾ ಅಡುಗೆಮನೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆಯನ್ನು ದಾರದಿಂದ ಹೋಳು ಮಾಡುತ್ತಿದ್ದಳು. ಎಲ್ಲಾ ಹೇಳಿದೆ, ಕಾರನ್ನು ಮೆಕ್ಯಾನಿಕ್ ಬಳಿ ಒಯ್ದವನು ಬೋಹುಶ್ ಅನ್ನುವುದನ್ನೂ. ಕೊನೆಯದೊಂದನ್ನು ಬಿಟ್ಟು.

"ಅವಳು ಏನಾದ್ರೂ ಅಂದ್ಲಾ?"

"ಇಲ್ಲ."

"ನಿಮ್ಮನ್ನ ಕಳಿಸಿದ್ದು ಸುಳ್ಳು ತರೋಕಲ್ಲ."

ಹೇಳಿದೆ. ದಾರ ನಿಂತಿತು. ಮತ್ತೆ ಸರಿಯಿತು. ಹೋಳುಗಳೆಲ್ಲ ಒಂದೇ ದಪ್ಪ.

"ಒಂದು ಸಲವೂ ಗೋರಿಗೆ ಬರ್ಲಿಲ್ಲ ಅವ್ನು. ದುಃಖ ತಡೆಯೋಕಾಗಲ್ಲ ಅಂತಿದ್ದ. ನಂಬಿದ್ದೆ ಕಣ್ರೀ... ಪಾಪ ಅಂತ ಸ್ವೆಟರ್ ಹೆಣೆದುಕೊಟ್ಟಿದ್ದೆ."

"ಪೊಲೀಸರ ಹತ್ರ ಹೋಗೋಣ. ನಾನು ಸಾಕ್ಷಿ ಹೇಳ್ತೀನಿ."

"ಜೈಲಲ್ಲಿ ಜೊತೆಗೆ ಜನ ಸಿಗ್ತಾರೆ. ಇಸ್ಪೀಟು ಆಡ್ಕೊಂಡು ಇರ್ತಾರೆ." ತಟ್ಟೆಯನ್ನು ನನ್ನ ಮುಂದಿಟ್ಟಳು. "ಆ ಮೇಜಲ್ಲಿ ಇನ್ನೊಂದು ಕುರ್ಚಿ ಹಿಡಿಯುತ್ತಾ?"

ಮರುದಿನ ಮೂರು ಗಂಟೆಗೆ ಅವಳ ಜೊತೆ ಹೋದೆ. ಹೈನೆಕ್‌ನ ಮುಖದ ತುಂಬ ಬೊಬ್ಬೆ. ಹೋಗಲು ಬೇರೆ ಜಾಗವಿಲ್ಲದೆ ಬೋಹುಶ್ ಅದೇ ಮೇಜಿನಲ್ಲಿದ್ದ; ಲುದ್ಮಿಲಾ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು. ಅವನು ಏಳಲು ಹೋದ.

"ಕೂತ್ಕೊ. ಎದ್ರೆ ಇಲ್ಲಿಂದ ಸೀದಾ ಠಾಣೆಗೆ ಹೋಗ್ತೀನಿ. ನಾಳೆನೂ ಬರ್ಬೇಕು. ನಾಡಿದ್ದೂ. ಹೈನೆಕ್, ನೀನೂ ಬಾ ಇಲ್ಲಿ. ಪಕ್ಕದಲ್ಲಿ ಕೂತ್ಕೊ. ಪಕ್ಕ ಪಕ್ಕ ಕೂತು ಅಭ್ಯಾಸ ಇದೆಯಲ್ಲ ನಿಮಗೆ."

ಆಮೇಲೆ ಶುರು ಮಾಡಿದಳು. ಯಿತ್ಕಾ ಹುಟ್ಟಿದ ದಿನದಿಂದ. ಹೆರಿಗೆ ಆಸ್ಪತ್ರೆ, ಮೊದಲ ಹಲ್ಲು, ಗಂಟಲು ಬೇನೆ... ದಿನಕ್ಕೆ ಒಂದು ಗಂಟೆ. ದನಿ ಏರಿಸುವುದಿಲ್ಲ. ಅಳುವುದಿಲ್ಲ. ಬೋಹುಶ್ ಅತ್ತರೆ, ಮುಗಿಯುವ ತನಕ ಕಾದು, ಬಿಟ್ಟ ಜಾಗದಿಂದ ಮುಂದುವರಿಸುತ್ತಾಳೆ.

ಎರಡು ತಿಂಗಳಾಯಿತು. ಉಳಿದ ಗಿರಾಕಿಗಳು ಬೇರೆ ಪಬ್ಬು ನೋಡಿಕೊಂಡರು. ಬೋಹುಶ್ ಅರ್ಧ ಇಳಿದಿದ್ದಾನೆ. ಮೊನ್ನೆ ಬೀದಿಯಲ್ಲಿ ನನ್ನ ಕಾಲು ಹಿಡಿದ. "ಠಾಣೆಗೆ ನೀವೇ ಹೇಳಿಬಿಡಿ ಸ್ವಾಮಿ." ಅದಕ್ಕೆ ಲುದ್ಮಿಲಾಳ ಅಪ್ಪಣೆ ಬೇಕು ಅಂದೆ.

ನಿನ್ನೆಗೆ ಯಿತ್ಕಾಳಿಗೆ ಆರು ವರ್ಷ ತುಂಬಿತು. ಹತ್ತೊಂಬತ್ತಕ್ಕೆ ಇನ್ನೂ ದೂರವಿದೆ... ಲುದ್ಮಿಲಾಗೆ ಅವಸರವೇನೂ ಇಲ್ಲ.