ಆಟಗಾರ್ತಿಯ ಕೈನೆನಪು

ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು. ಶೈಲಜಾ ಕೊಣ್ಣೂರಳ ತಲೆಯ ಮೇಲೆ ತಂತಿ ಹೆಣೆದ ತೆಳುವಾದ ಟೋಪಿ, ಎರಡೂ ಕೈಗಳಿಗೆ ಮೊಣಕೈವರೆಗೆ ಬೂದು ಬಣ್ಣದ ಕೈಗವಸು. ಎದುರಿನ ಪರದೆಯಲ್ಲಿ ಕೆಂಪು ಕಾರೊಂದು ಬೆಟ್ಟದ ತಿರುವುಗಳಲ್ಲಿ ಓಡುತ್ತಿತ್ತು. ಅದು ಕಂದಕಕ್ಕೆ ಬಿದ್ದರೆ ಮತ್ತೆ ಮೊದಲಿನಿಂದ ಶುರು. ಗುರಿ ಮುಟ್ಟಿದರೆ ಕಾರು ಮಾಯವಾಗಿ ಬೇರೊಂದು ಆಟ ಬರುತ್ತಿತ್ತು. ಬೆಳಗಿನಿಂದ ಹೀಗೇ ನಡೆದಿತ್ತು. ಅವಳ ಹೆಬ್ಬೆರಳುಗಳು ನೋಯುತ್ತಿದ್ದವು, ಕಣ್ಣುಗಳು ಉರಿಯುತ್ತಿದ್ದವು.

ಗಾಜಿನ ಗೋಡೆಯ ಆಚೆ ಕುಳಿತಿದ್ದ ಡಾ. ಪರವೀನ್ ನದಾಫ್ ಮೈಕಿನಲ್ಲಿ ಕೇಳಿದರು: "ದಣಿವಾತೇನ್ರಿ?"

"ನನ್ನ ದಣಿವು ಇವತ್ತಿಂದಲ್ಲ ಬಿಡ್ರಿ," ಎಂದಳು ಶೈಲಜಾ. "ಆಡಸ್ರಿ."

ಧಾರವಾಡದ ನರಚೇತನ ಸಂಶೋಧನಾಲಯಕ್ಕೆ ಆ ಯಂತ್ರ ಬಂದು ಬಹಳ ಕಾಲವಾಗಿರಲಿಲ್ಲ. ಅದಕ್ಕೆ ಹಸ್ತಸ್ಮೃತಿ ವಾಹಕವೆಂದು ಹೆಸರಿಟ್ಟಿದ್ದರು. ಸೈಕಲ್ ಹೊಡೆಯುವುದನ್ನಾಗಲಿ, ಹೂ ಕಟ್ಟುವುದನ್ನಾಗಲಿ ಒಮ್ಮೆ ಕಲಿತರೆ ನಾವು ಮರೆಯುವುದಿಲ್ಲ. ಆ ಕಲಿಕೆ ಮೆದುಳಿನ ನರಕೋಶಗಳ ನಡುವೆ ತುಳಿದು ತುಳಿದು ಆದ ಕಾಲುದಾರಿಗಳಂತೆ ಉಳಿದಿರುತ್ತದೆ. ಪಾರ್ಶ್ವವಾಯು ಹೊಡೆದಾಗ ಈ ದಾರಿಗಳು ಅಳಿಸಿಹೋಗುತ್ತವೆ. ಕೈಯ ಸ್ನಾಯುಗಳು ಗಟ್ಟಿಯಾಗಿಯೇ ಇದ್ದರೂ ಏನು ಮಾಡಬೇಕೆಂದು ಅವಕ್ಕೆ ಹೇಳುವವರಿರುವುದಿಲ್ಲ. ವಾಹಕವು ಆರೋಗ್ಯವಂತರೊಬ್ಬರ ಮೆದುಳಿನಿಂದ ಈ ದಾರಿಗಳ ಅಚ್ಚು ತೆಗೆದು, ಮಂದವಾದ ಕಾಂತಸ್ಪಂದನಗಳ ಮೂಲಕ ರೋಗಿಯ ಮೆದುಳಿನಲ್ಲಿ ಮೂಡಿಸುತ್ತಿತ್ತು. ಆದರೆ ಅಚ್ಚು ಸ್ಪಷ್ಟವಾಗಿ ಬರಬೇಕಾದರೆ ದಾನಿಯ ನರದಾರಿಗಳನ್ನು ಪೂರ್ತಿ ಸೋಲುವವರೆಗೆ ದುಡಿಸಬೇಕಾಗಿತ್ತು. ಹಾಗೆ ಸೋತ ದಾರಿ ಮತ್ತೆ ಮೊದಲಿನಂತಾಗುವುದಿಲ್ಲ. ಕೊಟ್ಟವರ ಬೆರಳಿನ ಚಳಕ ಹೋಗಿಯೇ ಹೋಗುತ್ತದೆ.

ಶೈಲಜಾ ಇಲ್ಲಿಗೆ ಬಂದದ್ದು ಗಂಡನಿಗಾಗಿ. ಚನ್ನವೀರ ಮಾಸ್ತರರು ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ಬಲಕ್ಕೆ ವಾಲಿ ಬಿದ್ದರು. ಕಾಲು ಕ್ರಮೇಣ ಸರಿಹೋಯಿತು, ಮಾತು ತೊದಲುತ್ತಲೇ ಮರಳಿತು. ಬಲಗೈ ಮಾತ್ರ ತೊಡೆಯ ಮೇಲೆ ಯಾರೋ ಮರೆತಿಟ್ಟು ಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ನೋಡಿದರು, ಹಾಳೆ ಹರಿಯಿತು. ಆಮೇಲೆ ಅವರು ಯಾವುದಕ್ಕೂ ಪ್ರಯತ್ನಿಸಲಿಲ್ಲ. ತುತ್ತು ಕೊಡಲು ಹೋದರೆ ಬಾಯಿ ಬಿಗಿಹಿಡಿದು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಹೀಗೇ ಬಿಟ್ಟರೆ ಈ ಮನುಷ್ಯ ಉಳಿಯುವುದಿಲ್ಲವೆಂದು ಶೈಲಜಾಗೆ ಅನಿಸಿತ್ತು.

ಮೊದಲ ಸಲ ಗಂಡನನ್ನು ಇಲ್ಲಿಗೆ ಕರೆತಂದು ವೈದ್ಯರ ಕೋಣೆಯ ಹೊರಗೆ ಕಾಯುವಾಗ ಅವಳು ಫೋನಿನಲ್ಲಿ ಆಡುತ್ತಿದ್ದಳು. ಆ ದಾರಿಯಲ್ಲಿ ಹೊರಟಿದ್ದ ಡಾ. ನದಾಫ್ ನಿಂತು, ಪರದೆಯನ್ನಲ್ಲ, ಅವಳ ಬೆರಳುಗಳನ್ನು ನೋಡಿದರು.

"ಯಾವಾಗಿಂದ ಆಡತೀರಿ ಅಮ್ಮಾರ?"

"ಸಣ್ಣಾಕಿ ಇದ್ದಾಗಿಂದ್ರಿ." ಶೈಲಜಾ ನಾಚಿಕೆಯಿಂದ ಫೋನು ಕೆಳಗಿಟ್ಟಳು. "ಖರೇ ಹೇಳಬೇಕಂದ್ರ ಈಗ ಸಾಕಾಗೈತಿ. ಆದ್ರ ಕೈ ಕೇಳವೊಲ್ದು."

ಅದು ನಿಜವಾಗಿತ್ತು. ಮಾಮನ ಮನೆಯ ದಪ್ಪ ಟಿವಿಗೆ ಜೋಡಿಸಿದ್ದ ಪೆಟ್ಟಿಗೆಯಲ್ಲಿ ಅವಳ ಆಟ ಶುರುವಾಗಿತ್ತು. ಕ್ಯಾಸೆಟ್ಟು ಕೈಕೊಟ್ಟರೆ ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು, ಮಾಮಿ ಧಾರಾವಾಹಿ ನೋಡಲು ಬರುವಷ್ಟರಲ್ಲಿ ಕೋಟೆ ದಾಟಿಬಿಡುವುದು. ನಂತರ ಬಸ್ ನಿಲ್ದಾಣದ ಹಿಂದಿನ ವಿಡಿಯೋ ಗೇಮ್ ಅಂಗಡಿ. ಅಲ್ಲಿ ಅವಳೊಬ್ಬಳೇ ಹುಡುಗಿ. ಅವಳು ಗೆದ್ದರೆ ಹುಡುಗರು ಮಷಿನ್ ಕೆಟ್ಟಿದೆ ಎನ್ನುತ್ತಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್, ಮದುವೆಯಾಗಿ ಮಕ್ಕಳಾದ ಮೇಲೆ ಫೋನು, ಕಣ್ಣಿಗೆ ಕಟ್ಟಿಕೊಳ್ಳುವ ಪರದೆ. ತಾಯಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಶೈಲಜಾ ಹೊರಗಿನ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಒಂದು ಊರು ಕಟ್ಟಿದ್ದಳು. ಆ ವಾರ್ಡು ಹೇಗಿತ್ತೆಂದು ಈಗ ನೆನಪಿಲ್ಲ, ಆ ಊರಿನ ಕೆರೆ, ರಸ್ತೆ, ಸಂತೆಕಟ್ಟೆ ಎಲ್ಲವೂ ನೆನಪಿವೆ. ಮಾಸ್ತರರಿಗೆ ಇದು ಎಂದೂ ಅರ್ಥವಾಗಲಿಲ್ಲ. ಜಗಳವಾಡುವ ಸ್ವಭಾವ ಅವರದಲ್ಲ. ಪರದೆಯನ್ನೊಮ್ಮೆ ನೋಡಿ, "ಕೂಸುಗಳ ಆಟ," ಎಂದು ಹೊರಟುಬಿಡುತ್ತಿದ್ದರು.

ಈಚೆಗೆ ಕೆಲವು ವರ್ಷಗಳಿಂದ ಅವಳಿಗೇ ಬೇಸರ ಬಂದಿತ್ತು. ಹೊಸ ಆಟದ ಕಾಡು ಹಳೆಯ ಆಟದ ಕಾಡಿನಂತೆಯೇ ಕಾಣುತ್ತಿತ್ತು. ಶತ್ರು ಯಾವ ಮೂಲೆಯಿಂದ ಬರುತ್ತಾನೆಂದು ಅವನು ಬರುವ ಮೊದಲೇ ತಿಳಿಯುತ್ತಿತ್ತು. ಗೆದ್ದರೆ ಸಂತೋಷವಿಲ್ಲ, ಬಿಟ್ಟರೆ ಬೆರಳು ಸುಮ್ಮನಿರುವುದಿಲ್ಲ. ಎಂದೋ ಪ್ರೀತಿಯಿಂದ ಹಿಡಿದ ಕೆಲಸ ಈಗ ಅವಳನ್ನು ಹಿಡಿದುಕೊಂಡಿತ್ತು.

ಡಾ. ನದಾಫ್ ಅವಳನ್ನು ಒಳಗೆ ಕರೆದು ಕೂರಿಸಿ ಯಂತ್ರದ ವಿಷಯ ತಿಳಿಸಿದರು. "ತಬಲಾ ಬಾರಿಸೋರು, ಆಪರೇಷನ್ ಮಾಡೋರು ತಮ್ಮ ಕೈ ಹೆಂಗ ಬಿಟ್ಟುಕೊಟ್ಟಾರು ಹೇಳ್ರಿ? ಕೊಟ್ರೂ ಆ ಕೈಗೆ ಒಂದ ಕೆಲಸ ಗೊತ್ತಿರತೈತಿ. ನಿಮ್ಮದು ಹಂಗಲ್ಲ. ಆಟ ಬದಲಾದಾಗೆಲ್ಲಾ ನಿಮ್ಮ ಕೈ ಹೊಸದಾಗಿ ಕಲತೈತಿ. ಅದಕ್ಕ ಕಲಿಯೂದ ಬರತೈತಿ. ಮಾಸ್ತರಿಗೆ ಬೇಕಾದದ್ದು ಅದ."

"ಆಮ್ಯಾಲ ನನಗ ಆಡಾಕ ಬರೂದಿಲ್ಲೇನ್ರಿ?"

"ಹೊಸಬರಂಗ ಆಗತೀರಿ. ಅಡಗಿ, ಬಟ್ಟಿ, ದಿನದ ಕೆಲಸಕ್ಕ ತೊಂದ್ರಿ ಇಲ್ಲ. ಮನಸ್ಸು, ನೆನಪು ಎಲ್ಲಾ ಇದ್ದಂಗ ಇರತಾವ. ಕೈಯ ಚಳಕ ಅಷ್ಟ ಹೋಗತೈತಿ."

ಶೈಲಜಾ ತನ್ನ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು. ಅವಳಿಗೆ ಬಂದ ವಿದ್ಯೆ ಇದೊಂದೇ. ಯಾರ ಮುಂದೆಯೂ ಹೇಳಿಕೊಳ್ಳಲಾಗದ ವಿದ್ಯೆ, ಆದರೂ ಅವಳದು.

ಮನೆಗೆ ಬಂದು ಗಂಡನ ಹಾಸಿಗೆಯ ಬದಿಗೆ ಕುಳಿತಳು. "ನನ್ನ ಕೈಯಾಗಿಂದು ನಿಮ್ಮ ಕೈಗೆ ಹಾಕತಾರಂತ."

"ಆಟದ ಕೈ," ಎಂದರು ಮಾಸ್ತರರು ಗೋಡೆಯ ಕಡೆ ನೋಡುತ್ತ.

"ಹೂಂ. ಬ್ಯಾರೆ ಕೈ ಇಲ್ಲ ನನ್ನ ಹಂತೇಕ."

ಮಾಸ್ತರರು ಗೋಡೆಯಿಂದ ಮುಖ ತಿರುಗಿಸಿ, ಒಪ್ಪಿ ತಲೆಯಾಡಿಸಿದರು.

ಅಚ್ಚು ತೆಗೆಯುವುದು ಮುಗಿದ ದಿನ ಶೈಲಜಾಗೆ ಮನೆಯ ಬೀಗ ತೆಗೆಯುವುದೂ ಕಷ್ಟವಾಯಿತು. ನಾಲ್ಕಾರು ದಿನಗಳಲ್ಲಿ ಅಷ್ಟು ಸರಿಹೋಯಿತು. ಮಾಸ್ತರರಿಗೆ ವಾರಗಟ್ಟಲೆ ಕಾಂತಸ್ಪಂದನ ಕೊಟ್ಟರು. ಮೊದಲು ಹೆಬ್ಬೆರಳು ಅಲುಗಿತು. ನಂತರ ಕೈ ಲೋಟ ಹಿಡಿಯಿತು, ಗುಂಡಿ ಹಾಕಿತು. ಬೀಳಿಸಿದ ಚಮಚವನ್ನು ಅವರು ಬೇಸರವಿಲ್ಲದೆ ಮತ್ತೆ ಮತ್ತೆ ಎತ್ತಿಕೊಳ್ಳುವುದನ್ನು ಕಂಡು ಡಾ. ನದಾಫ್ ಸಹೋದ್ಯೋಗಿಗಳನ್ನು ಕರೆದು ತೋರಿಸಿದರು. ತಾವೇ ರೊಟ್ಟಿ ಮುರಿದು ತಿಂದ ದಿನ ಮಾಸ್ತರರು ಬಹಳ ಕಾಲದ ಮೇಲೆ ನಕ್ಕರು. "ಕಷ್ಟ ಬಂದಾಗ ಎಲ್ಲಾರೂ ಕೈ ಕೊಡತಾರ. ನೀ ಖರೇನ ಕೈ ಕೊಟ್ಟಿ ನೋಡು."

ಒಂದು ಮಧ್ಯಾಹ್ನ ಶೈಲಜಾ ಕಾರಿನ ಆಟ ಹಚ್ಚಿದಳು. ಮೊದಲ ತಿರುವಿನಲ್ಲೇ ಕಾರು ಬಿತ್ತು. ಅದನ್ನು ಅವಳು ನಿರೀಕ್ಷಿಸಿದ್ದಳು. ನಿರೀಕ್ಷಿಸದೇ ಇದ್ದದ್ದು ಇನ್ನೊಂದಿತ್ತು: ಮತ್ತೊಮ್ಮೆ ಆಡಬೇಕೆಂದು ಅವಳಿಗೆ ಅನಿಸಲೇ ಇಲ್ಲ. ದುಃಖವೂ ಆಗಲಿಲ್ಲ. ಆಟ ನಿಲ್ಲಿಸಿ, ಬಾಲ್ಕನಿಯ ಕುರ್ಚಿಯಲ್ಲಿ ಕೈ ಚೆಲ್ಲಿ ಕುಳಿತಳು. ಕೆಳಗೆ ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅವಳು ಕುಳಿತಲ್ಲೇ ನಿದ್ದೆಹೋದಳು. ಅಂಥ ಗಾಢ ನಿದ್ದೆ ಅವಳಿಗೆ ಎಂದೂ ಬಂದಿರಲಿಲ್ಲ.

ಮಾಸ್ತರರು ಪೆನ್ಸಿಲ್ ಹಿಡಿದರು. ಗೆರೆ ನೆಟ್ಟಗೆ ಬಂತು, ಆದರೆ ಅವರ ಮನಸ್ಸು ಹಾಳೆಯ ಮೇಲೆ ನಿಲ್ಲಲಿಲ್ಲ. ಹೆಬ್ಬೆರಳು ಪೆನ್ಸಿಲಿನ ತಲೆಯನ್ನು ಒತ್ತುತ್ತಲೇ ಇತ್ತು. ಒಂದು ಸಂಜೆ ಶೈಲಜಾ ಪೇಟೆಯಿಂದ ಕಾಯಿಪಲ್ಯ ತಂದು ಬಾಗಿಲು ತೆರೆದಾಗ ಅವರು ಪರದೆಯ ಮುಂದೆ ಕುಳಿತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಪಕ್ಕದ ಚಹಾ ಆರಿ ಕೆನೆಗಟ್ಟಿತ್ತು.

"ಸುಮ್ನ ನೋಡಾಕತ್ತಿದ್ದೆ," ಎಂದು ಗಡಬಡಿಸಿದರು.

ಅಂದಿನಿಂದ ಅವರನ್ನು ಪರದೆಯ ಮುಂದಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಶೈಲಜಾ ಗಾಬರಿಯಾಗಿ ಧಾರವಾಡಕ್ಕೆ ಫೋನ್ ಮಾಡಿದಳು. ಡಾ. ನದಾಫ್ ಎಲ್ಲವನ್ನೂ ಕೇಳಿಸಿಕೊಂಡರು.

"ಚಳಕದ ಜೋಡಿ ನಿಮ್ಮ ಹಂಬಲಾನೂ ಅವರಿಗೆ ಹೋಗೈತಿ ಅಮ್ಮಾರ. ಕೈ ಕಲಿಯೂದು, ಮತ್ತ ಬೇಕು ಅನ್ಸೂದು, ಎರಡೂ ಒಂದಕ್ಕೊಂದು ಹೆಣಕೊಂಡಿರತಾವ ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಈಗ ಹಂಬಲ ತಗೀಬೇಕಂದ್ರ ಅವರ ಕೈನೂ ಹೋಗತೈತಿ. ತಗೀಲೇನ್ರಿ?"

"ಬ್ಯಾಡ್ರಿ," ಎಂದಳು ಶೈಲಜಾ. "ಕೈ ಇರಲಿ."

ಮರುದಿನ ಮಧ್ಯಾಹ್ನ ಅಡುಗೆಮನೆಯಿಂದಲೇ ಊಟಕ್ಕೆ ಕರೆದಳು. ಬಂದೆ ಎಂದರು, ಬರಲಿಲ್ಲ. ಮತ್ತೆ ಕರೆದಳು. ಕೊನೆಗೆ ಬಂದು ಪಕ್ಕದಲ್ಲಿ ನಿಂತಾಗ ಮಾಸ್ತರರು ಆಟ ನಿಲ್ಲಿಸಿದರು. ನಿಲ್ಲಿಸುವಾಗ ಅವರ ಮುಖ ಸಣ್ಣದಾಯಿತು. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದರು, ಬಾಯಿಗಿಡಲಿಲ್ಲ.

"ಶೈಲಾ, ನಿನಗೂ ಹಿಂಗ ಆಗತಿತ್ತೇನು?"

"ಹೆಂಗ್ರಿ?"

"ನಡುವ ಬಿಟ್ಟು ಏಳಬೇಕಂದ್ರ ಮೈಯಾಗಿಂದು ಏನೋ ಕಿತ್ತಿಟ್ಟು ಬಂದಂಗ."

"ಆಗತಿತ್ತು."

"ದಿನಾ?"

"ದಿನಾ ಆಗತಿತ್ರಿ."

ಮಾಸ್ತರರು ರೊಟ್ಟಿಯ ಚೂರನ್ನು ತಾಟಿನಲ್ಲಿ ಇಟ್ಟರು. "ನಾ ಕರದಾಗೆಲ್ಲಾ ಎದ್ದು ಬರತಿದ್ದಿ. ನಮ್ಮವ್ವ ಕರದ್ರ, ಮಕ್ಕಳು ಕರದ್ರ. ಎರಡನೇ ಸಲ ಕರದದ್ದ ನನಗ ನೆನಪಿಲ್ಲ."

ಆ ನೋವನ್ನು ನೆನಪಿಸಿಕೊಳ್ಳಲು ಶೈಲಜಾ ಪ್ರಯತ್ನಿಸಿದಳು. ಇತ್ತೆಂದು ಗೊತ್ತಿತ್ತು, ಹೇಗಿತ್ತೆಂದು ತಿಳಿಯಲಿಲ್ಲ. ಈಗ ಅದು ತಿಳಿಯುವುದು ಎದುರಿಗೆ ಕುಳಿತ ಮನುಷ್ಯನಿಗೆ ಮಾತ್ರ.

"ಉಣ್ರಿ, ಪಲ್ಯ ಆರತೈತಿ," ಎಂದಳು.

ಊಟವಾದ ಮೇಲೆ ಮಾಸ್ತರರು ಇಬ್ಬರ ತಾಟುಗಳನ್ನೂ ಎತ್ತಿಕೊಂಡು ನಲ್ಲಿಯ ಹತ್ತಿರ ಹೋದರು. ಶೈಲಜಾ ಬಾಗಿಲಲ್ಲಿ ನಿಂತು ನೋಡಿದಳು. ಅವರ ಬಲಗೈ ಬೇಗ ಬೇಗ ಉಜ್ಜುತ್ತಿತ್ತು, ಮುಗಿಸಿ ಓಡಬೇಕೆನ್ನುವ ಗಡಿಬಿಡಿಯಲ್ಲಿ.

"ಬಿಡ್ರಿ, ನಾ ತೊಳೀತೀನಿ. ನೀವು ಹೋಗಿ ಆಡ್ರಿ."

ಮಾಸ್ತರರು ತಿರುಗಿ ನೋಡಲಿಲ್ಲ. "ಮುಗಿಸೇ ಹೋಗತೀನಿ," ಎಂದರು. "ನೀ ಕುಂದ್ರು."

ಶೈಲಜಾ ಅಲ್ಲೇ ಒಂದು ಸ್ಟೂಲು ಎಳೆದುಕೊಂಡು ಕುಳಿತಳು.