ರಂಗೂನಿನ ಹುರಿದ ಅನ್ನ

ತೊಗರಿ ಕಟ್ಟಿಗೆಯ ಉರಿ ಭಗ್ಗನೆ ಎದ್ದಾಗ ಬಂಡಮ್ಮ ಕಟ್ಟೆಯ ಮೇಲಿಂದಲೇ ಅಂದಳು, "ಮನಿ ಸುಡಬ್ಯಾಡೋ ಶಾಂತವೀರಾ. ಆ ಚೀನಾದವರ ಅನ್ನ ಉಣ್ಲಾಕ ನಾವರೆ ಉಳೀಬೇಕಲ್ಲ."

ಸೊಸೆ ಶಿವಗಂಗಾ ಸೆರಗು ಬಾಯಿಗಿಟ್ಟು ನಕ್ಕಳು. ಗಂಡ ಸತ್ತು ಮೂರು ವರ್ಷ. ಅತ್ತೆಯೆದುರು ಹೀಗೆ ನಕ್ಕದ್ದು ಆಕೆಗೇ ಹೊಸದೆನಿಸಿತು.

ನಿಜಾಮರ ಸೀಮೆಯ ಈ ಯೆಣೆಗೂರ ಎಲ್ಲಿ, ರಂಗೂನ್ ಎಲ್ಲಿ! ನೆರೆಮನೆಯ ಶಾಂತವೀರ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಏಳು ವರ್ಷ ದುಡಿದು, ಪಕ್ಕದ ಖೋಲಿಯ ಚೀನೀ ಬಡಿಗನಿಂದ ಈ ಅಡುಗೆ ಕಲಿತು ಬಂದಿದ್ದ. ಬರುವ ಸೋಮವಾರ ಸೊಲ್ಲಾಪುರದಲ್ಲಿ ರೈಲು ಹಿಡಿದು ಮತ್ತೆ ಅಲ್ಲಿಗೇ ಹೊರಟವನು. ಒಬ್ಬನೇ ಹೋಗುವುದೋ, ಶಿವಗಂಗಾಳನ್ನು ಉಡಕಿ ಮಾಡಿಕೊಂಡು ಕರೆದೊಯ್ಯುವುದೋ, ಇವತ್ತು ಆಕೆ ಹೇಳಬೇಕು.

ಗಂಡ ಸತ್ತವಳು ಉಡಕಿಯಾಗಿ ಇನ್ನೊಂದು ಮನೆ ಸೇರುವುದು ಅವರ ಮಂದಿಯಲ್ಲಿ ಉಂಟು. ಆದರೆ ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲೇ ಉಳಿಯಬೇಕು. ಶಿವಗಂಗಾಳಿಗೆ ನಾಲ್ಕು ವರ್ಷದ ಮಾಳವ್ವ ಇದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಈ ಹುಡುಗಿಯಂತೂ ಓಣಿಗೆಲ್ಲ ಮುದ್ದು.

ಕಡಾಯಿಯಲ್ಲಿ ಕುಸುಬೆ ಎಣ್ಣೆ ಹೊಗೆಯಾಡಿತು. ಬೆಳ್ಳುಳ್ಳಿ, ಶುಂಠಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಒಂದರ ಹಿಂದೊಂದು ಚುರ್ರೆಂದವು.

"ಇಷ್ಟ್ಯಾಕ್ರಿ ಉರಿ?" ಶಿವಗಂಗಾ ಕೇಳಿದಳು.

"ಸಣ್ಣ ಉರಿಗೆ ಕಾಯಿಪಲ್ಯ ನೀರು ಬಿಡತಾವ. ಇದು ಅವಸರದ ಅಡಗಿ ನೋಡು. ಯೋಚನಿ ಮಾಡಕೋತ ನಿಂತ್ರ ಕರಕ್ ಆಗತದ," ಎಂದು ಆತ ಆಕೆಯನ್ನೇ ನೋಡಿದ.

"ಹಂಗಾದ್ರ ಕಡಾಯಿ ನೋಡ್ರಿ," ಎಂದಳು. ಕಿವಿಯವರೆಗೂ ಬಿಸಿ ಏರಿತ್ತು.

ಆತ ಬೆಳಗಿನ ತಣ್ಣನೆಯ ಅನ್ನ ಉದುರಿಸಿ ಹಾಕಿದ. "ಅಲ್ಲಿ ಕರೀ ರಸ ಒಂದು ಹಾಕ್ತಾರ. ಇಲ್ಲಿ ಹುಣಸಿ, ಬೆಲ್ಲ, ಮ್ಯಾಲ ಮೆಣಸಿನ ಪುಡಿ." ಘಮ ಓಣಿಯ ತನಕ ಹೋಯಿತು. ಮಾಳವ್ವ ತಾಟು ಹಿಡಿದು ಓಡಿ ಬಂದಳು. ಖಾರಕ್ಕೆ ಮೂಗು ಸೋರಿದರೂ ಬಿಡದೆ ಉಂಡಳು.

ಶಾಂತವೀರ ಸೌಟು ಕೆಳಗಿಟ್ಟ. "ಕಾಕು, ಈ ಕೂಸಿನ್ನೂ ಅವ್ವನ ಕೂಡ ಕಳಸ್ರಿ. ಕೈ ಮುಗೀತೀನಿ."

ಬಂಡಮ್ಮನ ಮುಖದ ನಗು ಹೋಯಿತು. "ಸೊಸಿನ್ನ ಕರಕೊಂಡು ಹೋಗಪಾ, ನನಗ ಸಿಟ್ಟಿಲ್ಲ. ಈ ಕೂಸಿನ ಮಾರಿ ನನ್ನ ಮಗಂದು. ಇದೊಂದು ಕೇಳಬ್ಯಾಡ."

ಮುದುಕಿಗೆ ಉಳಿದದ್ದು ಅಷ್ಟೇ ಎಂದು ಶಿವಗಂಗಾಳಿಗೂ ಗೊತ್ತಿತ್ತು. ಯಾರ ಮೇಲೆ ಸಿಟ್ಟಾಗುವುದು?

"ನಾ ಬರೂದಿಲ್ರಿ," ಎಂದಳು. "ಮನಸ್ಸಿಲ್ಲಂತ ತಿಳೀಬ್ಯಾಡ್ರಿ. ಬಾಳ ಅದ. ಆದ್ರ ಹಡದಾಕಿ ನಾ."

"ನಾನೇ ಇಲ್ಲಿ ಉಳಿದ್ರ?"

"ಉಡಕಿ ಆದ್ರ ಈ ಹೊಸ್ತಿಲ ನನಗಿಲ್ಲ. ಗ್ವಾಡಿ ಆಚಿಗೆ ಮಗಳು ಅವ್ವಾ ಅಂತ ಅಳತಾಳ, ನಾ ಈಚಿಗೆ ಕುಂತು ಕೇಳಬೇಕು. ನನ್ನ ಕೈಲೆ ಆಗೂದಿಲ್ಲ."

ಆತ ಒಲೆಯ ಕೊಳ್ಳಿ ಹಿಂದಕ್ಕೆಳೆದ. ಆಮೇಲೆ ತಾಟಿಗೆ ಬಡಿಸಿ ಆಕೆಯ ಮುಂದಿಟ್ಟ. "ಆರತದ, ಉಣ್ಣು."

ಶಿವಗಂಗಾ ಒಂದಗುಳೂ ಬಿಡದೆ ಉಂಡಳು. ಕಣ್ಣು ಸುರಿಯುತ್ತಿದ್ದವು. ಬಂಡಮ್ಮ ನೀರಿನ ತಂಬಿಗೆ ಸೊಸೆಯ ಕಡೆ ಸರಿಸಿದಳು.

ಸೋಮವಾರ ಸೊಲ್ಲಾಪುರಕ್ಕೆ ಹೊರಡಲು ಬಂಡಿ ಕಟ್ಟಿದರು. ಅಲ್ಲಿ ಒಳ್ಳೆಯವಳು ಸಿಕ್ಕರೆ ಮದುವೆಯಾಗ್ರಿ ಎಂದು ಹೇಳಿ ಬೀಳ್ಕೊಡಬೇಕೆಂದು ಶಿವಗಂಗಾ ಬೆಳಗಿನಿಂದ ಮಾತು ಕೂಡಿಸಿಟ್ಟಿದ್ದಳು. ಶಾಂತವೀರ ಬಾಗಿಲಿಗೆ ಬಂದು ನಿಂತ. ಆಕೆ ಬಾಯಿ ತೆರೆದಳು, ಆ ಮಾತು ಬರಲಿಲ್ಲ. ಅಷ್ಟು ದೊಡ್ಡ ಮನಸ್ಸು ತನಗಿಲ್ಲವೆಂದು ಆಕೆಗೆ ಆಗಲೇ ತಿಳಿದದ್ದು.